ಅಗ್ರಹಾರದ ಹಿತ್ತಿಲು

ಮಕ್ಕಳು ಹನ್ನೊಂದನೇ ಕ್ಲಾಸಿಗೆ ಬಂದರೆಂದರೆ ನಮ್ಮ ಸಂಘದ ಪ್ರತಿ ಮನೆಯೂ ಒಂದು ತೀರ್ಥಯಾತ್ರೆ ಹೊರಡುತ್ತದೆ. ಡಿಕ್ಕಿಯಲ್ಲಿ ಪುಳಿಯೋಗರೆ, ಮುಂದಿನ ಸೀಟಿನಲ್ಲಿ ಕಾಲೇಜುಗಳ ಪಟ್ಟಿ. ನಾವೂ ಕಳೆದ ಏಪ್ರಿಲ್‌ನಲ್ಲಿ ಮಗಳನ್ನು ಕರೆದುಕೊಂಡು ಷಾರ್ಲಟ್ಸ್‌ವಿಲ್‌ನ ವರ್ಜೀನಿಯಾ ವಿಶ್ವವಿದ್ಯಾನಿಲಯಕ್ಕೆ ಹೋಗಿಬಂದೆವು. ಅಡ್ಮಿಷನ್, ಫೀಸುಗಳ ಬಗ್ಗೆ ಹೇಳಲು ಸದಸ್ಯರಲ್ಲಿ ಅನುಭವಿಗಳು ಬೇಕಾದಷ್ಟಿದ್ದಾರೆ. ನಮಗೆ ಹೇಳಬೇಕೆನಿಸಿದ್ದು ಅಲ್ಲಿಯ ಕಟ್ಟಡಗಳ ವಿಷಯ.

ಇದರ ನಕ್ಷೆ ಬರೆದವನು ಥಾಮಸ್ ಜೆಫರ್ಸನ್, ಅದೂ ಎಪ್ಪತ್ತು ದಾಟಿದ ಮೇಲೆ. 1817ರಲ್ಲಿ ಅಡಿಗಲ್ಲು, 1825ರಲ್ಲಿ ಪಾಠ ಶುರು. ಒಂದೇ ದೊಡ್ಡ ಕಟ್ಟಡ ಬೇಡ, ವಿದ್ಯೆಗೊಂದು ಊರೇ ಇರಲಿ ಎಂಬುದು ಅವನ ಯೋಚನೆ. ನಡುವೆ ಉದ್ದಕ್ಕೆ ಹುಲ್ಲುಹಾಸು. ಎರಡೂ ಕಡೆ ಐದೈದು ಮೇಷ್ಟ್ರ ಮನೆಗಳು. ಕೆಳಗೆ ಪಾಠ, ಮೇಲೆ ವಾಸ. ಅವುಗಳ ನಡುನಡುವೆ ಕಂಬಸಾಲಿನ ಹಿಂದೆ ವಿದ್ಯಾರ್ಥಿಗಳ ಕೋಣೆಗಳು, ಒಟ್ಟು 54. ಎತ್ತರದ ತುದಿಯಲ್ಲಿ ರೊಟುಂಡಾ. ಇದನ್ನು ನೋಡಿದ ಕೂಡಲೇ ನಮ್ಮ ಮನೆಯವರು, "ಇದು ಅಗ್ರಹಾರವೇ ಅಲ್ಲವೇನ್ರೀ!" ಎಂದರು. ನಿಜ. ಎದುರುಬದುರು ಮನೆಸಾಲು, ಉದ್ದನೆಯ ಜಗಲಿ, ಬೀದಿಯ ಕೊನೆಗೆ ಗುಡಿ. ಆದರೆ ಗುಡಿಯ ಜಾಗದಲ್ಲಿ ಜೆಫರ್ಸನ್ ಇಟ್ಟದ್ದು ಗ್ರಂಥಾಲಯವನ್ನು. ಚರ್ಚಿಗೆ ನಕ್ಷೆಯಲ್ಲಿ ಜಾಗವೇ ಇರಲಿಲ್ಲ. ಆ ಕಾಲಕ್ಕೆ ಇದು ಸಣ್ಣ ಧೈರ್ಯವಲ್ಲ.

ಎಲ್ಲರೂ ಫೋಟೋ ತೆಗೆಸಿಕೊಳ್ಳುವುದು ರೊಟುಂಡಾದ ಮುಂದೆ. ರೋಮಿನ ಪ್ಯಾಂಥಿಯನ್ನಿನ ಅರ್ಧ ಅಳತೆಯ ಪ್ರತಿರೂಪ ಅದು. 1895ರ ಬೆಂಕಿಯಲ್ಲಿ ಸುಟ್ಟು, ಸ್ಟ್ಯಾನ್‌ಫರ್ಡ್ ವೈಟ್ ಎಂಬ ವಾಸ್ತುಶಿಲ್ಪಿಯ ಕೈಯಲ್ಲಿ ಬೇರೆ ರೂಪ ಪಡೆದು, 1976ರ ಹೊತ್ತಿಗೆ ಮತ್ತೆ ಜೆಫರ್ಸನ್ನನ ನಕ್ಷೆಗೆ ಮರಳಿತು. ಗುಮ್ಮಟದ ಕೋಣೆ ಅಂದವಾಗಿದೆ, ಒಪ್ಪೋಣ. ಆದರೂ ನಮಗೆ ಅಲ್ಲಿ ಮ್ಯೂಸಿಯಂನ ಚಳಿ ಹತ್ತಿತು. ನಮ್ಮ ಮನಸ್ಸು ನಿಂತದ್ದು ಹೊರಗಿನ ಹುಲ್ಲುಹಾಸಿನಲ್ಲಿ. ಹತ್ತು ಮನೆಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ವಾಸ್ತುಶಾಸ್ತ್ರದ ಪಾಠಕ್ಕೆ ಮಾದರಿಯಾಗಲೆಂದು ಬೇಕೆಂದೇ ಹಾಗೆ ಕಟ್ಟಿದ್ದು. ಈಗಲೂ ಆ ಕೋಣೆಗಳಲ್ಲಿ ಕೊನೆಯ ವರ್ಷದ ಆಯ್ದ ವಿದ್ಯಾರ್ಥಿಗಳು ಇರುತ್ತಾರೆ. ಕೋಣೆಗೆ ಬಚ್ಚಲಿಲ್ಲ, ಸ್ನಾನಕ್ಕೆ ಟವಲು ಹೊದ್ದು ಹೊರಗೆ ನಡೆಯಬೇಕು. ಅದನ್ನೇ ಇಲ್ಲಿ ದೊಡ್ಡ ಗೌರವ ಅನ್ನುತ್ತಾರೆ! ನಮ್ಮ ಹಾಸ್ಟೆಲಿನಲ್ಲಿ ಅದಕ್ಕೆ ಗೌರವ ಅಂತ ಯಾರೂ ಹೇಳಿರಲಿಲ್ಲ.

ತೆರೆದಿದ್ದ ದಕ್ಷಿಣದ ತುದಿಯನ್ನು 1890ರ ದಶಕದಲ್ಲಿ ಅದೇ ವೈಟ್ ಕ್ಯಾಬೆಲ್ ಹಾಲ್ ಕಟ್ಟಿ ಮುಚ್ಚಿಬಿಟ್ಟ. ಕಟ್ಟಡ ಕೆಟ್ಟದ್ದಲ್ಲ, ನಿಂತ ಜಾಗ ಕೆಟ್ಟದ್ದು. ಒಳಗಿನ ಸಭಾಂಗಣದಲ್ಲಿ ರಾಫೇಲನ 'ಸ್ಕೂಲ್ ಆಫ್ ಅಥೆನ್ಸ್' ಚಿತ್ರದ ಭಾರೀ ನಕಲಿದೆ, ಜಾರ್ಜ್ ಬ್ರೆಕ್ ಮಾಡಿದ್ದು. ನಕಲಾದರೂ ನಿಷ್ಠೆಯಿಂದ ಮಾಡಿದ ನಕಲು, ನೋಡಿ ಬನ್ನಿ.

ಇನ್ನು ಹಿತ್ತಿಲು. ಮೇಷ್ಟ್ರ ಮನೆಗಳ ಹಿಂದೆ ಹಾವಿನಂತೆ ಬಳುಕುವ ಇಟ್ಟಿಗೆ ಗೋಡೆಗಳಿವೆ. ದಪ್ಪ ಒಂದೇ ಇಟ್ಟಿಗೆ. ಆ ಬಳುಕಿನಿಂದಲೇ ಬೀಳದೆ ನಿಲ್ಲುತ್ತವೆ. ನಮ್ಮ ಟೂರಿನ ಹುಡುಗ ಇದನ್ನು ಚೆನ್ನಾಗಿ ವಿವರಿಸಿದ. ಗೋಡೆಯೊಳಗೆ ನೀರು ಹೊತ್ತವರು, ಅಡುಗೆ ಮಾಡಿದವರು, ಬಟ್ಟೆ ಒಗೆದವರು ಗುಲಾಮರು ಎಂಬುದನ್ನು ಒಂದೇ ವಾಕ್ಯದಲ್ಲಿ ದಾಟಿದ. ಇಟ್ಟಿಗೆ ಸುಟ್ಟವರಲ್ಲೂ ಅವರಿದ್ದರು. ಸ್ವಾತಂತ್ರ್ಯ ಘೋಷಣೆ ಬರೆದ ಜೆಫರ್ಸನ್ ತನ್ನ ಜೀವಮಾನದಲ್ಲಿ ಆರುನೂರಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ.

ವೈದ್ಯರಾದ ನಮ್ಮನ್ನು ಹೆಚ್ಚು ಕಾಡಿದ್ದು ಈಗಿಲ್ಲದ ಒಂದು ಕಟ್ಟಡ. ಇಂದಿನ ಶ್ಯಾನನ್ ಗ್ರಂಥಾಲಯದ ಹತ್ತಿರ ಜೆಫರ್ಸನ್ನೇ ನಕ್ಷೆ ಬರೆದ ಅಂಗರಚನಾ ಶಾಲೆಯಿತ್ತು. ಒಳಗಿನದು ಹೊರಗಿನವರಿಗೆ ಕಾಣಬಾರದೆಂದು ಕಿಟಕಿಗಳು ಎತ್ತರದಲ್ಲಿ. ಅಲ್ಲಿಗೆ ಬರುತ್ತಿದ್ದ ಹೆಣಗಳಲ್ಲಿ ಬಹುಪಾಲು ಕರಿಯರ ಗೋರಿಗಳಿಂದ ರಾತ್ರೋರಾತ್ರಿ ಅಗೆದು ತಂದವು. 1939ರಲ್ಲಿ ಅದನ್ನು ಕೆಡವಿದರು. ಎಂ.ಬಿ.ಬಿ.ಎಸ್. ಮೊದಲ ವರ್ಷದಲ್ಲಿ ನಮ್ಮ ಮೇಜಿನ ಮೇಲೆ ಮಲಗಿದ್ದವನು ವಾರಸುದಾರರಿಲ್ಲದವನು ಎಂದಷ್ಟೇ ನಮಗೆ ಹೇಳಿದ್ದರು. ಅವನ ಒಂದೊಂದು ನರದ ಹೆಸರೂ ಬಾಯಿಪಾಠ ಮಾಡಿದೆವು. ಅವನ ಹೆಸರನ್ನು ನಾವು ಯಾರೂ ಕೇಳಲಿಲ್ಲ.

ರೊಟುಂಡಾದ ಪೂರ್ವಕ್ಕೆ, ಇಳಿಜಾರಿನಲ್ಲಿ, 2020ರಲ್ಲಿ ಗುಲಾಮ ಕೆಲಸಗಾರರ ಸ್ಮಾರಕ ಎದ್ದಿದೆ. ನಮ್ಮ ಅಭಿಪ್ರಾಯದಲ್ಲಿ ಇಡೀ ಆವರಣದ ಅತ್ಯುತ್ತಮ ಕೆಲಸ ಅದೇ. ಗ್ರಾನೈಟಿನ ಒಡೆದ ಬಳೆಯಂಥ ಆಕಾರ, ಅಗಲ ಸುಮಾರು 80 ಅಡಿ, ಅಂದರೆ ಹೆಚ್ಚುಕಡಿಮೆ ರೊಟುಂಡಾದಷ್ಟೇ. ಒಳಗೋಡೆಯಲ್ಲಿ ಸುಮಾರು 4000 ಗೀರುಗಳು, ಇಲ್ಲಿ ದುಡಿದ ಒಬ್ಬೊಬ್ಬರಿಗೆ ಒಂದರಂತೆ. ಕೆಲವು ನೂರು ಗೀರುಗಳ ಮೇಲೆ ಮಾತ್ರ ಹೆಸರಿದೆ. ಕೆಲವಕ್ಕೆ ಕಸುಬು ಅಥವಾ ನಂಟು. ಉಳಿದವು ಬರೀ ಗೀರು. ಬೇಲೂರಿನಲ್ಲಿ ಮದನಿಕೆಯ ಕೆಳಗೆ ಬಳ್ಳಿಗಾವೆಯ ದಾಸೋಜ ತನ್ನ ಹೆಸರು ಕೆತ್ತಿಕೊಂಡಿದ್ದಾನೆ, ಒಂಬೈನೂರು ವರ್ಷವಾದರೂ ಅವನನ್ನು ಹೆಸರು ಹಿಡಿದು ಹೊಗಳುತ್ತೇವೆ. ಇಲ್ಲಿ ಇನ್ನೂರು ವರ್ಷದ ಹಿಂದಿನವರಿಗೆ ಅದೂ ಸಿಕ್ಕಿಲ್ಲ. ಇಲ್ಲದ ಹೆಸರನ್ನು ಕಲ್ಪಿಸಿ ಬರೆಯದೆ ಖಾಲಿ ಬಿಟ್ಟಿದ್ದಾರಲ್ಲ, ಆ ಪ್ರಾಮಾಣಿಕತೆ ನಮಗೆ ಹಿಡಿಸಿತು.

ಹೊರಮೈಯ ಒರಟು ಕಲ್ಲಿನಲ್ಲಿ ಕಲಾವಿದ ಈಟೊ ಒಟಿಟಿಗ್ಬೆ ಕೆತ್ತಿದ ಒಂದು ಜೊತೆ ಕಣ್ಣುಗಳಿವೆ. ಇಸಬೆಲ್ಲಾ ಗಿಬ್ಬನ್ಸ್ ಎಂಬಾಕೆಯವು. ಈಕೆ ಮೇಷ್ಟ್ರೊಬ್ಬರ ಮನೆಯಲ್ಲಿ ಗುಲಾಮಳಾಗಿ ಅಡುಗೆ ಮಾಡುತ್ತಿದ್ದವಳು, ಬಿಡುಗಡೆಯಾದ ಮೇಲೆ ತಾನೇ ಶಾಲೆಯ ಮೇಡಂ ಆದವಳು. ಮಧ್ಯಾಹ್ನ ಎರಡು ಸಲ ಸುತ್ತಿದರೂ ಆ ಕಣ್ಣುಗಳು ನಮಗೆ ಕಾಣಲಿಲ್ಲ. ಕಾರಿನ ಹತ್ತಿರ ಹೋಗಿದ್ದ ಮಗಳು ಸಂಜೆ ಓರೆಬಿಸಿಲಿನಲ್ಲಿ ದೂರದಿಂದ ನೋಡಿ, "ಅಪ್ಪಾ, ಅಲ್ಲಿ!" ಎಂದು ಕೂಗಿದಳು. ಅಲ್ಲೇ ನಿಂತು ಪುಳಿಯೋಗರೆ ಡಬ್ಬಿ ಬಿಚ್ಚಿದೆವು. ಅವಳು ಇಲ್ಲಿಗೂ ಅರ್ಜಿ ಹಾಕುತ್ತಾಳಂತೆ.