ಅಂಚೆ ಮತಗಳ ತಿರಸ್ಕಾರವೂ ದೋಷಪರಿಹಾರವೂ: ೧೯೬೧ರ ನಿಯಮಗಳ ಒಂದು ವಿಮರ್ಶೆ

ಚುನಾವಣೆಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಗೆದ್ದವರಿಗೂ ಸೋತವರಿಗೂ ಬಂದ ಮತಗಳನ್ನು ಲೆಕ್ಕಿಸುತ್ತಾರೆ; ಎಣಿಕೆಗೇ ಬಾರದೆ ಬದಿಗೆ ಸರಿಸಲ್ಪಟ್ಟ ಮತಗಳ ಕಡೆಗೆ ಅವರ ದೃಷ್ಟಿ ಹರಿಯುವುದು ವಿರಳ. ಮತಗಟ್ಟೆಗೆ ಸ್ವತಃ ಹೋಗಲಾರದ ಮತದಾರನ ಮತವು ಯಾವ ದೋಷಕ್ಕಾಗಿ ತಿರಸ್ಕೃತವಾಗಬೇಕು? ಆ ದೋಷವನ್ನು ತಿದ್ದಿಕೊಳ್ಳುವ ಅವಕಾಶವು ಅವನಿಗೆ ಯಾವ ಹಂತದವರೆಗೆ ಇರಬೇಕು? ಈ ಎರಡು ಪ್ರಶ್ನೆಗಳನ್ನು ೧೯೬೧ರ ಚುನಾವಣಾ ನಿರ್ವಹಣಾ ನಿಯಮಗಳ ಆಧಾರದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ. ರಾಯಚೂರು, ದೇವದುರ್ಗ, ಮಾನ್ವಿಗಳಲ್ಲಿ ಪಾಠ ಹೇಳುವ ನಮಗೆ ಇದು ದೂರದ ವಿಷಯವಲ್ಲ. ಚುನಾವಣೆ ಬಂದಾಗಲೆಲ್ಲ ನಾವು ಮತಗಟ್ಟೆಯ ಅಧಿಕಾರಿಗಳಾಗಿ ಬೇರೆ ಊರುಗಳಲ್ಲಿರುತ್ತೇವೆ; ಅನ್ಯರ ಮತಕ್ಕೆ ಕಾವಲಿರುವ ನಮ್ಮ ಸ್ವಂತ ಮತವು ಬಹುಕಾಲ ಲಕೋಟೆಯಲ್ಲಿಯೇ ಪ್ರಯಾಣ ಮಾಡಿದೆ.

ಮೊದಲು ಪೂರ್ವೇತಿಹಾಸದ ಒಂದು ಮಾತು. ರಾಯಚೂರು ಜಿಲ್ಲೆಯು ಹೈದರಾಬಾದು ರಾಜ್ಯದಲ್ಲಿದ್ದಾಗ ನಡೆದ ೧೯೫೨ರ ಪ್ರಥಮ ಮಹಾಚುನಾವಣೆಯಲ್ಲಿ ಪ್ರತಿಯೊಬ್ಬ ಅಭ್ಯರ್ಥಿಗೂ ಪ್ರತ್ಯೇಕ ಮತಪೆಟ್ಟಿಗೆ ಇತ್ತು. ಮತದಾರನು ಕಾಗದದ ಮೇಲೆ ಗುರುತು ಮಾಡಬೇಕಾಗಿರಲಿಲ್ಲ; ತನ್ನ ಆಯ್ಕೆಯ ಚಿಹ್ನೆಯುಳ್ಳ ಪೆಟ್ಟಿಗೆಯಲ್ಲಿ ಅದನ್ನು ಹಾಕಿದರೆ ಸಾಕಾಗುತ್ತಿತ್ತು. ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿದ ಮರುವರ್ಷ, ಎಂದರೆ ೧೯೫೭ರಲ್ಲಿಯೂ ಇದೇ ಪದ್ಧತಿ ನಡೆಯಿತು. ಓದುಬರಹ ಬಾರದವರ ಅನುಕೂಲಕ್ಕಾಗಿ ಕಂಡುಕೊಂಡ ಸರಳೋಪಾಯವದು. ಆದರೆ ಅಂಚೆಯ ಮೂಲಕ ಪೆಟ್ಟಿಗೆಯನ್ನು ಕಳುಹಿಸಲಾಗದು. ಆದಕಾರಣ ಅಂಚೆಯ ಮತದಾನವು ಕಾಗದ, ಸಹಿ, ಲಕೋಟೆಗಳ ವ್ಯವಹಾರವಾಗದೆ ಗತ್ಯಂತರವಿಲ್ಲ. ಅದರ ಕಷ್ಟಗಳ ಮೂಲವೂ ಇಲ್ಲಿಯೇ ಇದೆ.

ಈಗಿನ ನಿಯಮಗಳ ಮೇರೆಗೆ ಅಂಚೆ ಮತದಾರನಿಗೆ ಮತಪತ್ರದೊಡನೆ ೧೩-ಎ ನಮೂನೆಯ ಘೋಷಣಾಪತ್ರವೂ ಎರಡು ಲಕೋಟೆಗಳೂ ಸಿಗುತ್ತವೆ. ಗುರುತು ಮಾಡಿದ ಮತಪತ್ರವು ಒಳಲಕೋಟೆಯಲ್ಲಿ ಇರಬೇಕು. ಘೋಷಣಾಪತ್ರಕ್ಕೆ ಅವನು ಸಹಿ ಮಾಡಿ, ಅಧಿಕಾರವುಳ್ಳವರಿಂದ ದೃಢೀಕರಿಸಿಕೊಂಡು, ಅದನ್ನು ಒಳಲಕೋಟೆಯ ಸಂಗಡ ಹೊರಲಕೋಟೆಯಲ್ಲಿ ಇರಿಸಬೇಕು. ಘೋಷಣಾಪತ್ರವು ಮತದಾರನು ಯಾರೆಂಬುದನ್ನು ಹೇಳುತ್ತದೆ. ಒಳಲಕೋಟೆಯು ಅವನ ಮತ ಯಾರಿಗೆಂಬುದನ್ನು ಮುಚ್ಚಿಡುತ್ತದೆ. ಎಣಿಕೆಯ ದಿನ ಕ್ರಮಬದ್ಧವಾದ ಘೋಷಣಾಪತ್ರಗಳನ್ನೆಲ್ಲ ಬೇರೆ ಕಟ್ಟಿನಲ್ಲಿ ಮುದ್ರೆಹಾಕಿದ ಮೇಲೆಯೇ ಒಳಲಕೋಟೆಗಳನ್ನು ಬಿಚ್ಚತಕ್ಕದ್ದು. ಗೋಪ್ಯತೆಯನ್ನು ಕಾಯುವ ಈ ಏರ್ಪಾಟು ಜಾಣ್ಮೆಯದೆಂದು ಒಪ್ಪಲೇಬೇಕು.

ತಿರಸ್ಕಾರದ ಕಾರಣಗಳನ್ನು ೫೪-ಎ ನಿಯಮವು ಎರಡು ಹಂತಗಳಲ್ಲಿ ಹೇಳುತ್ತದೆ. ಘೋಷಣಾಪತ್ರವೇ ಇಲ್ಲದಿದ್ದರೆ, ಅದಕ್ಕೆ ಯುಕ್ತವಾದ ಸಹಿ ಅಥವಾ ದೃಢೀಕರಣ ಇಲ್ಲದಿದ್ದರೆ, ಅದು ಬೇರೆ ರೀತಿಯಲ್ಲಿ ಗಣನೀಯವಾಗಿ ದೋಷಯುಕ್ತವಾಗಿದ್ದರೆ, ಅಥವಾ ಅದರಲ್ಲಿ ಬರೆದ ಮತಪತ್ರದ ಕ್ರಮಸಂಖ್ಯೆಗೂ ಒಳಲಕೋಟೆಯ ಮೇಲಿನ ಸಂಖ್ಯೆಗೂ ಹೊಂದಿಕೆಯಾಗದಿದ್ದರೆ, ಒಳಲಕೋಟೆಯನ್ನು ಬಿಚ್ಚದೆಯೇ ಮತವನ್ನು ತಿರಸ್ಕರಿಸಬೇಕು. ಎರಡನೆಯ ಹಂತವು ಮತಪತ್ರಕ್ಕೆ ಸಂಬಂಧಿಸಿದ್ದು: ಮತದಾರನ ಗುರುತು ಹತ್ತುವಂಥ ಬರಹವಿದ್ದರೆ, ಮತವನ್ನೇ ದಾಖಲಿಸದಿದ್ದರೆ, ಒಬ್ಬರಿಗಿಂತ ಹೆಚ್ಚು ಅಭ್ಯರ್ಥಿಗಳಿಗೆ ಮತವಿದ್ದರೆ ಅದು ಅಸಿಂಧು. ಆದರೆ ಗುರುತು ಅಸ್ಪಷ್ಟವಾಗಿದೆಯೆಂಬ ಅಥವಾ ಒಂದಕ್ಕಿಂತ ಹೆಚ್ಚು ಸಲ ಬಿದ್ದಿದೆಯೆಂಬ ಮಾತ್ರದಿಂದ, ಮತದಾರನ ಇಂಗಿತ ಸ್ಪಷ್ಟವಾಗಿ ತೋರುತ್ತಿರುವಾಗ, ಮತವನ್ನು ತಿರಸ್ಕರಿಸಲಾಗದು.

ಈ ಎರಡು ಹಂತಗಳನ್ನು ಹೋಲಿಸಿದರೆ ನಿಯಮದ ಒಳವಿರೋಧ ಗೋಚರವಾಗುತ್ತದೆ. ಮತಪತ್ರದ ವಿಷಯದಲ್ಲಿ ಕಾನೂನು ಇಂಗಿತವನ್ನು ಹುಡುಕುತ್ತದೆ. ಘೋಷಣಾಪತ್ರದ ವಿಷಯದಲ್ಲಿ ಆಕಾರವನ್ನು ಹುಡುಕುತ್ತದೆ. ಒಬ್ಬ ಉಪಾಧ್ಯಾಯನು ಘೋಷಣಾಪತ್ರಕ್ಕೆ ಸಹಿ ಮಾಡಿ, ದೃಢೀಕರಣವನ್ನೂ ಪಡೆದು, ಕೈತಪ್ಪಿನಿಂದ ಅದನ್ನು ಒಳಲಕೋಟೆಯೊಳಗೆ ಸೇರಿಸಿದನೆನ್ನೋಣ. ಹೊರಲಕೋಟೆಯಲ್ಲಿ ಘೋಷಣಾಪತ್ರ ಕಾಣದು, ಒಳಲಕೋಟೆಯನ್ನು ಬಿಚ್ಚುವಂತಿಲ್ಲ, ಮತ ತಿರಸ್ಕೃತವಾಗುತ್ತದೆ. ಅಧ್ಯಾಪಕರ ಕೊಠಡಿಗಳಲ್ಲಿ ಇಂಥ ತಪ್ಪುಗಳ ಮಾತು ಕೇಳದ ಚುನಾವಣೆಯೇ ಇಲ್ಲವೆನ್ನಬಹುದು.

ದೋಷಪರಿಹಾರಕ್ಕೆ ನಿಯಮಗಳಲ್ಲಿ ಎಡೆಯೇ ಇಲ್ಲವೆಂದು ನಾವು ಹೇಳುವುದಿಲ್ಲ. ಮತಪತ್ರವನ್ನಾಗಲಿ ಇತರ ಕಾಗದಗಳನ್ನಾಗಲಿ ಅಜಾಗರೂಕತೆಯಿಂದ ಕೆಡಿಸಿಕೊಂಡವನು ಅವನ್ನು ಹಿಂದಿರುಗಿಸಿ ಹೊಸದನ್ನು ಪಡೆಯಬಹುದೆಂದು ೨೬ನೆಯ ನಿಯಮ ಹೇಳುತ್ತದೆ. ಅನಕ್ಷರಸ್ಥರೂ ಅಶಕ್ತರೂ ದೃಢೀಕರಿಸುವ ಅಧಿಕಾರಿಯ ಕೈಯಿಂದಲೇ ಮತವನ್ನೂ ಸಹಿಯನ್ನೂ ಹಾಕಿಸಬಹುದೆಂದು ೨೫ನೆಯ ನಿಯಮ ಹೇಳುತ್ತದೆ. ೨೦೧೧ರ ಜನಗಣತಿಯಲ್ಲಿ ಸಾಕ್ಷರತೆ ಶೇ. ೫೯.೫೬ರಷ್ಟೇ ಇದ್ದ ರಾಯಚೂರು ಜಿಲ್ಲೆಗೆ ಈ ನಿಯಮದ ಬೆಲೆ ಅಲ್ಪವಲ್ಲ. ಆದರೆ ಈ ಎರಡೂ ಉಪಾಯಗಳು ಲಕೋಟೆಯನ್ನು ಅಂಟಿಸುವ ಮೊದಲಿನವು. ಅಂಟಿಸಿ ಕಳುಹಿಸಿದ ಮೇಲೆ ಬಾಗಿಲು ಮುಚ್ಚುತ್ತದೆ. ಹೊರಲಕೋಟೆಯು ಎಣಿಕೆಯ ದಿನದವರೆಗೆ ಮುಚ್ಚಿದಂತೆಯೇ ಇರುತ್ತದೆ. ದೋಷ ಕಂಡುಬರುವ ಗಳಿಗೆಯೂ ತಿರಸ್ಕಾರದ ಗಳಿಗೆಯೂ ಒಂದೇ. ತನ್ನ ಮತ ಎಣಿಕೆಯಾಗಲಿಲ್ಲವೆಂಬುದನ್ನು ಮತದಾರನಿಗೆ ತಿಳಿಸುವ ಕರ್ತವ್ಯವನ್ನೂ ಈ ನಿಯಮ ಯಾರ ಮೇಲೂ ಹೊರಿಸಿಲ್ಲ. ನಮ್ಮ ಮುಖ್ಯ ಆಕ್ಷೇಪ ಇದೇ.

ಮೇಲಿನ ನ್ಯಾಯಾಲಯಕ್ಕೆ ಹೋಗಬಹುದಲ್ಲವೇ ಎಂದು ಕೇಳಬಹುದು. ೧೯೫೧ರ ಪ್ರಜಾಪ್ರಾತಿನಿಧ್ಯ ಕಾಯಿದೆಯ ನೂರನೆಯ ಪ್ರಕರಣದ ಮೇರೆಗೆ ಮತದ ಅಯುಕ್ತ ತಿರಸ್ಕಾರವು ಚುನಾವಣೆಯನ್ನು ರದ್ದುಗೊಳಿಸಲು ಕಾರಣವಾಗಬಹುದು; ಆದರೆ ಅದರಿಂದ ಗೆದ್ದವನ ಫಲಿತಾಂಶಕ್ಕೆ ಬಾಧೆ ತಟ್ಟಿರಬೇಕು. ಗುಜರಾತಿನ ಧೋಲ್ಕಾ ಕ್ಷೇತ್ರದಲ್ಲಿ ೨೦೧೭ರಲ್ಲಿ ಗೆಲುವಿನ ಅಂತರ ೩೨೭. ತಿರಸ್ಕೃತ ಅಂಚೆ ಮತಗಳು ೪೨೯. ಅಲ್ಲಿಯ ಉಚ್ಚ ನ್ಯಾಯಾಲಯವು ೨೦೨೦ರ ಮೇ ತಿಂಗಳಲ್ಲಿ ಆ ಚುನಾವಣೆಯನ್ನು ಅಸಿಂಧುಗೊಳಿಸಿತು; ಕೆಲವೇ ದಿನಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ಕೊಟ್ಟಿತು. ನಮ್ಮ ರಾಜ್ಯದಲ್ಲಿ ೨೦೨೩ರಲ್ಲಿ ಬೆಂಗಳೂರಿನ ಜಯನಗರದ ಫಲಿತಾಂಶವು ಮರುಎಣಿಕೆಯ ತರುವಾಯ ೧೬ ಮತಗಳಿಂದ ನಿರ್ಣಯವಾಯಿತು. ಅಂಚೆ ಮತಗಳ ಮರುಪರಿಶೀಲನೆಯೇ ಅಲ್ಲಿ ವಿವಾದದ ವಸ್ತುವಾಗಿತ್ತು. ಅದೇ ವರ್ಷ ೨೦೧ ಮತಗಳ ಅಂತರದ ಶೃಂಗೇರಿಯಿಂದಲೂ ತಿರಸ್ಕೃತ ಅಂಚೆ ಮತಗಳ ಪ್ರಶ್ನೆ ಉಚ್ಚ ನ್ಯಾಯಾಲಯವನ್ನು ಮುಟ್ಟಿತು. ನಮ್ಮ ಜಿಲ್ಲೆಯಲ್ಲಿಯೂ ಅಂತರಗಳು ಕಿರಿದಾದದ್ದುಂಟು: ೨೦೧೪ರ ರಾಯಚೂರು ಲೋಕಸಭಾ ಕ್ಷೇತ್ರದಲ್ಲಿ ೧,೪೯೯, ೨೦೧೮ರ ಮಸ್ಕಿಯಲ್ಲಿ ೨೧೩. ಆದರೆ ಅಂತರವು ಹತ್ತು ಸಾವಿರವಿದ್ದರೆ ತಿರಸ್ಕೃತ ಮತದಾರನ ಹಕ್ಕು ಕಿರಿದಾಗುವುದೇ? ನ್ಯಾಯಾಲಯದ ಪರಿಹಾರವು ಅಭ್ಯರ್ಥಿಯ ಗಾಯಕ್ಕೆ ಮದ್ದು; ಮತದಾರನ ಗಾಯಕ್ಕಲ್ಲ.

“ಗಣನೀಯ ದೋಷ”ವೆಂಬ ಪದದ ಅಸ್ಥಿರತೆಯನ್ನು ನೆರೆಯ ಆಂಧ್ರಪ್ರದೇಶವು ೨೦೨೪ರಲ್ಲಿ ತೋರಿಸಿಕೊಟ್ಟಿತು. ದೃಢೀಕರಿಸಿದ ಅಧಿಕಾರಿಯ ಸಹಿ ಇದೆ, ಮುದ್ರೆ ಇಲ್ಲ. ಇಂಥ ಘೋಷಣಾಪತ್ರ ಸಿಂಧುವೇ? ಸಿಂಧುವೆಂದು ಚುನಾವಣಾ ಅಧಿಕಾರಿಗಳು ಎಣಿಕೆಗೆ ಕೆಲವೇ ದಿನ ಮುಂಚೆ ತಿಳಿಸಿದರು. ಒಂದು ಪಕ್ಷವು ಇದನ್ನು ಪ್ರಶ್ನಿಸಿತು. ಉಚ್ಚ ನ್ಯಾಯಾಲಯವೂ ಸರ್ವೋಚ್ಚ ನ್ಯಾಯಾಲಯವೂ ಮಧ್ಯೆ ಪ್ರವೇಶಿಸಲಿಲ್ಲ. ನಿರ್ಣಯವು ಉದಾರವಾದುದೇ, ಆದರೆ ಎಣಿಕೆಯ ಹೊಸ್ತಿಲಲ್ಲಿ ಅರ್ಥ ಹೇಳಬೇಕಾದ ನಿಯಮವನ್ನು ಉತ್ತಮ ನಿಯಮವೆನ್ನಲಾಗದು.

ಸುಧಾರಣೆಗಳು ಆಗಿಲ್ಲವೆಂದಲ್ಲ. ೨೦೨೩ರ ತಿದ್ದುಪಡಿಯ ಮೇರೆಗೆ ಚುನಾವಣಾ ಕರ್ತವ್ಯದಲ್ಲಿರುವವರು ಸೌಲಭ್ಯ ಕೇಂದ್ರದಲ್ಲಿಯೇ ಮತಪತ್ರ ಪಡೆದು, ಗುರುತು ಮಾಡಿ, ಅಲ್ಲಿಯೇ ಒಪ್ಪಿಸಬೇಕು. ವಯೋವೃದ್ಧರಿಗೂ ಅಂಗವಿಕಲರಿಗೂ ೨೦೧೯ರಲ್ಲಿ ದೊರೆತ ಅಂಚೆಮತದ ಹಕ್ಕು ಕರ್ನಾಟಕದಲ್ಲಿ ೨೦೨೩ರ ವಿಧಾನಸಭಾ ಚುನಾವಣೆಯಲ್ಲಿ ಮನೆಯಲ್ಲಿಯೇ ಮತದಾನವೆಂಬ ರೂಪದಲ್ಲಿ ಜಾರಿಗೆ ಬಂದಿತು. ಆಗ ಎಂಬತ್ತಿದ್ದ ವಯೋಮಿತಿ ೨೦೨೪ರಲ್ಲಿ ಎಂಬತ್ತೈದಕ್ಕೆ ಏರಿತು. ಎರಡರಲ್ಲಿಯೂ ಅಧಿಕಾರಿ ಎದುರಿಗಿರುವುದರಿಂದ ತಪ್ಪು ಅಲ್ಲಿಯೇ ಸರಿಹೋಗಬಲ್ಲದು. ಗೆಲುವಿನ ಅಂತರವು ತಿರಸ್ಕೃತ ಅಂಚೆ ಮತಗಳಿಗಿಂತ ಕಡಮೆಯಿದ್ದರೆ ಅವೆಲ್ಲವನ್ನೂ ಮತ್ತೆ ಪರಿಶೀಲಿಸಬೇಕೆಂಬ ಆಯೋಗದ ಆದೇಶವೂ ಸ್ವಾಗತಾರ್ಹ. ಆದರೂ ದೂರದ ಠಾಣ್ಯದ ಸೈನಿಕನಂಥವರ ಪಾಲಿಗೆ ಹಳೆಯ ಕಷ್ಟ ಉಳಿದೇ ಇದೆ.

ಹೊರಲಕೋಟೆಯನ್ನು ಮುಂಚಿತವಾಗಿ ಬಿಚ್ಚಿದರೆ ವಂಚನೆಗೆ ಎಡೆಯಾಗುವುದೆಂಬ ಆಕ್ಷೇಪವನ್ನು ಹಗುರವಾಗಿ ಕಾಣಲಾಗದು. ಆದರೆ ಇಂಗ್ಲೆಂಡಿನಲ್ಲಿ ಅಭ್ಯರ್ಥಿಗಳ ಏಜೆಂಟರ ಸಮಕ್ಷಮದಲ್ಲಿ ಮತದಾನದ ದಿನಕ್ಕೆ ಮುಂಚೆಯೇ ಹೊರಲಕೋಟೆಗಳನ್ನು ಬಿಚ್ಚಿ ಸಹಿಗಳನ್ನು ಹೋಲಿಸುತ್ತಾರೆ. ಸಹಿ ಹೊಂದದೆ ಮತ ತಿರಸ್ಕೃತವಾದರೆ ಚುನಾವಣೆಯ ಅನಂತರ ಮತದಾರನಿಗೆ ತಿಳಿಸುವ ಪದ್ಧತಿ ೨೦೧೪ರಿಂದ ಬಂದಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ೨೦೧೮ರ ಕಾನೂನು ಸಹಿ ಹೊಂದದ ಮತದಾರನಿಗೆ ಸೂಚನೆ ಕೊಟ್ಟು ಸರಿಪಡಿಸುವ ಅವಕಾಶ ನೀಡುತ್ತದೆ. ಒಳಲಕೋಟೆಯನ್ನು ಮುಟ್ಟದೆ ಘೋಷಣಾಪತ್ರವನ್ನಷ್ಟೇ ನೋಡಿದರೆ ಗೋಪ್ಯತೆಗೆ ಧಕ್ಕೆ ಬರುವುದಿಲ್ಲ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು. ಒಂದು, ಎಣಿಕೆಗೆ ಮುಂಚೆ ಏಜೆಂಟರ ಎದುರಿನಲ್ಲಿ ಘೋಷಣಾಪತ್ರಗಳನ್ನು ಪರಿಶೀಲಿಸಿ, ಎಣಿಕೆಯ ಗಳಿಗೆಯವರೆಗೆ ದೋಷ ತಿದ್ದಲು ಅವಕಾಶವಿರಬೇಕು. ಎರಡು, “ಗಣನೀಯ ದೋಷ” ಯಾವುದೆಂದು ನಿಯಮವೇ ಹೇಳಬೇಕು. ಮೂರು, ತಿರಸ್ಕಾರವನ್ನೂ ಅದರ ಕಾರಣವನ್ನೂ ಮತದಾರನಿಗೆ ತಿಳಿಸಬೇಕು. ಇದಕ್ಕೆ ಒಂದು ಅಂಚೆ ಕಾಗದದಷ್ಟೇ ಖರ್ಚು.

ಕೊನೆಯದಾಗಿ, ಗೈರುಹಾಜರಿಯೆಂಬ ಪದದ ವ್ಯಾಪ್ತಿಯನ್ನೂ ವಾಚಕರು ಯೋಚಿಸಬೇಕು. ದೇವದುರ್ಗ, ಮಾನ್ವಿಗಳ ಹಳ್ಳಿಗಳಿಂದ ಬೆಂಗಳೂರಿನ ಕಟ್ಟಡದ ಕೆಲಸಗಳಿಗೆ ಗುಳೆ ಹೋದ ಕೂಲಿಕಾರರು ಮತದಾನದ ದಿನ ಊರಿನಲ್ಲಿರುವುದಿಲ್ಲ. ಅವರಿಗೆ ಅಂಚೆ ಮತಪತ್ರವಿಲ್ಲ. ದೂರದಿಂದ ಮತ ಹಾಕುವ ಯಂತ್ರದ ಮಾದರಿಯೊಂದನ್ನು ಆಯೋಗವು ೨೦೨೨ರ ಡಿಸೆಂಬರಿನಲ್ಲಿ ಪ್ರಕಟಿಸಿತಾದರೂ ೨೦೨೪ರ ಲೋಕಸಭಾ ಚುನಾವಣೆಯಲ್ಲಿ ಅದು ಬಳಕೆಗೆ ಬರಲಿಲ್ಲ. ನಮ್ಮ ಮತ ತಿರಸ್ಕೃತವಾಯಿತೆಂದು ದುಃಖಿಸುವ ನಾವು, ತಿರಸ್ಕೃತವಾಗಲಿಕ್ಕಾದರೂ ಒಂದು ಮತಪತ್ರ ಸಿಗದವರನ್ನು ಮರೆಯತಕ್ಕದ್ದಲ್ಲ.