ಅಡಿಬರಹವಿಲ್ಲದ ಚಿತ್ರಗಳು

1983ನೆಯ ಇಸವಿಯಲ್ಲಿ ಜಿನೀವಾ ನಗರದಲ್ಲಿ ಪ್ಯಾಲೆಸ್ತೀನಿನ ಪ್ರಶ್ನೆಯನ್ನು ಕುರಿತು ಸಂಯುಕ್ತ ರಾಷ್ಟ್ರಸಂಸ್ಥೆಯವರು ಒಂದು ಸಮ್ಮೇಳನವನ್ನು ಕೂಡಿಸಿದರು. ಅದರ ಸಲಹೆಗಾರರಲ್ಲಿ ಒಬ್ಬರಾಗಿದ್ದ ಎಡ್ವರ್ಡ್ ಸಯೀದರ ಸೂಚನೆಯಂತೆ ಸ್ವಿಟ್ಜರ್ಲೆಂಡಿನ ಛಾಯಾಗ್ರಾಹಕ ಝಾನ್ ಮೋರ್ ಪ್ಯಾಲೆಸ್ತೀನೀಯರ ದಿನದಿನದ ಬಾಳಿನ ಚಿತ್ರಗಳನ್ನು ತೆಗೆದು ತಂದರು. ಚಿತ್ರಗಳನ್ನು ತೂಗುಹಾಕಬಹುದು, ಆದರೆ ಕೆಳಗೆ ಏನನ್ನೂ ಬರೆಯಕೂಡದು ಎಂದು ಅಪ್ಪಣೆಯಾಯಿತು. ಬಂದಿದ್ದ ಕೆಲವು ರಾಜ್ಯಗಳವರಿಗೆ ಬರವಣಿಗೆ ಸರಿಬೀಳಲಿಲ್ಲವಂತೆ. ಕಡೆಗೆ ಸ್ಥಳದ ಹೆಸರೊಂದನ್ನು ಮಾತ್ರ ಹಾಕಲು ಒಪ್ಪಿಗೆ ದೊರೆಯಿತು. ಅದಕ್ಕೆ ಮೇಲೆ ಒಂದು ಮಾತೂ ಇಲ್ಲ. ಆ ಚಿತ್ರಗಳಿಗೆ ಮಾತು ಕೂಡಿಬಂದುದು ಮೂರು ವರ್ಷಗಳ ಮೇಲೆ, 1986ರಲ್ಲಿ, ಇಬ್ಬರೂ ಸೇರಿ ಹೊರತಂದ 'ಆಫ್ಟರ್ ದಿ ಲಾಸ್ಟ್ ಸ್ಕೈ' ಎಂಬ ಗ್ರಂಥದಲ್ಲಿ.

ಈ ಸಂಗತಿಯನ್ನು ಓದಿದಾಗ ನಾನು ನಾಚಿದೆನೆಂದು ಹೇಳಬೇಕು. ಕೆಲವು ವರ್ಷಗಳ ಹಿಂದೆ ವೃತ್ತಪತ್ರಿಕೆಯೊಂದರಿಂದ ಗಾಜಾದ ಬಾಲಕನೊಬ್ಬನ ಚಿತ್ರವನ್ನು ಕತ್ತರಿಸಿ ಪುಸ್ತಕದೊಳಗೆ ಇಟ್ಟುಕೊಂಡಿದ್ದೆ. ಮೊನ್ನೆ ತೆಗೆದು ನೋಡಿದರೆ ಅಡಿಬರಹವಿಲ್ಲ. ನನ್ನ ಕತ್ತರಿಯೇ ಅದನ್ನು ಬಿಟ್ಟು ಬಂದಿತ್ತು. ಮುಖ ಉಳಿದಿದೆ, ಹೆಸರು ಹೋಗಿದೆ. ಹಿಂಬದಿಯಲ್ಲಿ ಸೀರೆಯಂಗಡಿಯೊಂದರ ಜಾಹೀರಾತು ಮಾತ್ರ ಬೆಲೆಯ ಸಹಿತ ಸಂಪೂರ್ಣವಾಗಿ ಉಳಿದುಕೊಂಡಿದೆ.

ವೃತ್ತಪತ್ರಿಕೆಗಳಿಗೆ ಪ್ಯಾಲೆಸ್ತೀನಿನ ಮಗು ಎರಡೇ ಭಂಗಿಗಳಲ್ಲಿ ಪರಿಚಿತ: ಕೈಯಲ್ಲಿ ಕಲ್ಲು ಹಿಡಿದದ್ದು, ಇಲ್ಲವೇ ಬಿಳಿಯ ಬಟ್ಟೆಯಲ್ಲಿ ಸುತ್ತಿದ್ದು. ವರ್ಷದ ಅತ್ಯುತ್ತಮ ಪತ್ರಿಕಾಚಿತ್ರಕ್ಕೆ ಜಗತ್ತಿನಲ್ಲಿ ಸಲ್ಲುವ ದೊಡ್ಡ ಬಹುಮಾನ ಗಾಜಾದ ಮಕ್ಕಳ ಚಿತ್ರಗಳಿಗೆ 2013, 2024, 2025ರಲ್ಲಿ ಬಂದಿದೆ. ಮೊದಲನೆಯದರಲ್ಲಿ ಇಬ್ಬರು ಮಕ್ಕಳ ಶವಗಳನ್ನು ಹೊತ್ತು ಜನ ಇಕ್ಕಟ್ಟಾದ ಓಣಿಯಲ್ಲಿ ಬರುತ್ತಾರೆ. ಓಣಿಯ ಗೋಡೆಗಳ ಮೇಲಿನ ಬೆಳಕು ಎಷ್ಟು ಮನೋಹರವೆಂದರೆ, ಬಹುಮಾನ ಬಂದ ಮೇಲೆ ಚರ್ಚೆಯೆಲ್ಲ ಬೆಳಕನ್ನು ಕುರಿತೇ ನಡೆಯಿತು! ಚಿತ್ರ ಕೃತಕವಲ್ಲವೆಂದು ಪರೀಕ್ಷಕರು ಸಾರಿದರು. ಮಕ್ಕಳ ಮಾತನ್ನು ಎತ್ತಿದವರು ಕಡಿಮೆ. ಮುಹಮ್ಮದ್ ಸಾಲೆಂ ತೆಗೆದ ಎರಡನೆಯ ಚಿತ್ರ ಇದಕ್ಕಿಂತ ಬಹಳ ಮೇಲು. ಸೋದರ ಸಂಬಂಧದ ಕೂಸಿನ ಶವವನ್ನು ಅಪ್ಪಿಕೊಂಡ ಹೆಂಗಸಿನ ಮುಖವೂ ಅದರಲ್ಲಿ ಕಾಣದು, ಕೂಸಿನ ಮುಖವೂ ಕಾಣದು, ಕಾಣದಿರುವುದರಲ್ಲಿಯೇ ಮರ್ಯಾದೆಯಿದೆ. ಮೂರನೆಯದು ಎರಡೂ ತೋಳುಗಳನ್ನು ಕಳೆದುಕೊಂಡ ಒಂಬತ್ತು ವರ್ಷದ ಹುಡುಗನದು. ಅದನ್ನು ತೆಗೆದ ಸಮರ್ ಅಬೂ ಎಲೂಫ್ ತಾವೂ ಗಾಜಾದಿಂದ ಹೊರಬಂದವರು. ದೋಹಾ ನಗರದಲ್ಲಿ ಆ ಹುಡುಗನ ವಸತಿಯ ನೆರೆಯಲ್ಲಿಯೇ ಇದ್ದವರು. ಈ ಚಿತ್ರಕ್ಕೆ ಇಟ್ಟ ಶೀರ್ಷಿಕೆ ಹುಡುಗನ ಹೆಸರು ಮತ್ತು ವಯಸ್ಸು, ಅಷ್ಟೇ. ಅದು ಸಣ್ಣ ಸಂಗತಿಯಲ್ಲ.

ಕರುಣರಸಕ್ಕೆ ಶೋಕವೇ ಸ್ಥಾಯಿಯೆಂದು ನಮ್ಮ ಲಾಕ್ಷಣಿಕರು ಹೇಳಿದ್ದಾರೆ. ಆದರೆ ವಿಭಾವವಿಲ್ಲದೆ ಅದು ರಸವಾಗಲಾರದು. ಆದಿಕವಿಯ ಕಥೆಯನ್ನೇ ನೋಡಬಹುದು. ಕ್ರೌಂಚ ಬಿದ್ದುದನ್ನು ಕಂಡು ಮುನಿಯ ಬಾಯಿಂದ ಹೊರಟ ಮೊದಲ ನುಡಿ ಹಕ್ಕಿಗೆ ಹೇಳಿದ ಸಮಾಧಾನವಲ್ಲ, ಬೇಡನಿಗೆ ಕೊಟ್ಟ ಶಾಪ. ಶೋಕದ ಜೊತೆಗೆ ಕರ್ತೃವೂ ಅಲ್ಲಿ ಎದುರಿಗೆ ನಿಂತಿದ್ದಾನೆ. ವರದಿಗಾರರ ವಾಕ್ಯಗಳಲ್ಲಿ ಹಾಗಲ್ಲ: ಮಕ್ಕಳು 'ಸತ್ತರು', 'ಪ್ರಾಣ ಕಳೆದುಕೊಂಡರು', 'ದಾಳಿಯಲ್ಲಿ ಸಿಕ್ಕಿದರು'. ಕ್ರೌಂಚ ಬೀಳುತ್ತದೆ, ಬಾಣವೂ ಇದೆ, ಬೇಡನಿಲ್ಲ. 2000ನೆಯ ಸೆಪ್ಟೆಂಬರ್ 30ರಂದು ಗಾಜಾದ ನೆಟ್ಸಾರಿಂ ಕೂಡುರಸ್ತೆಯಲ್ಲಿ ತಂದೆಯ ಹಿಂದೆ ಮುದುಡಿಕೊಂಡಿದ್ದ 12 ವರ್ಷದ ಮುಹಮ್ಮದ್ ಅಲ್-ದುರ್ರಾನ ಚಿತ್ರವನ್ನು ಫ್ರಾನ್ಸಿನ ದೂರದರ್ಶನ ಬಿತ್ತರಿಸಿದಾಗ ಜಗತ್ತು ಅತ್ತಿತು. ಮುಂದೆ ಗುಂಡು ಯಾರದು, ದೃಶ್ಯ ನಿಜವೇ ಎಂಬ ವಾದ ಹುಟ್ಟಿ ಫ್ರಾನ್ಸಿನ ನ್ಯಾಯಾಲಯಗಳಲ್ಲಿ 2013ರವರೆಗೂ ಬೆಳೆಯಿತು. ಹುಡುಗ ವಾದದ ವಸ್ತುವಾಗಿ ಉಳಿದನು.

'ಮಗು' ಎಂಬ ಮಾತೂ ಅಲ್ಲಿ ಎಲ್ಲರಿಗೂ ಒಂದೇ ಸಮನಾಗಿ ಸಿಕ್ಕುವುದಿಲ್ಲ. ಜೋರ್ಡಾನ್ ನದಿಯ ಪಶ್ಚಿಮದಂಡೆ 1967ರಿಂದ ಇಸ್ರೇಲಿನ ಸೈನ್ಯದ ವಶದಲ್ಲಿದೆ. ಅಲ್ಲಿಯ ಪ್ಯಾಲೆಸ್ತೀನೀ ಬಾಲಕನನ್ನು 12 ವರ್ಷ ತುಂಬಿದ ಮೇಲೆ ಸೈನಿಕ ನ್ಯಾಯಾಲಯದಲ್ಲಿ ವಿಚಾರಣೆಗೆ ನಿಲ್ಲಿಸಬಹುದು. ಪಕ್ಕದ ವಸಾಹತಿನ ಇಸ್ರೇಲೀ ಬಾಲಕನಿಗೆ ಸಾಮಾನ್ಯ ಕಾನೂನು. 2011ರವರೆಗೆ ಆ ಸೈನಿಕ ನ್ಯಾಯಾಲಯಗಳು 16 ವರ್ಷದವನನ್ನು ವಯಸ್ಕನೆಂದೇ ಎಣಿಸುತ್ತಿದ್ದವು. ಈ ಭೇದ ಸುದ್ದಿಯ ಭಾಷೆಗೂ ಇಳಿದಿದೆ. 2023ರ ನವೆಂಬರಿನಲ್ಲಿ ಒತ್ತೆಯಾಳುಗಳನ್ನೂ ಸೆರೆಯಾಳುಗಳನ್ನೂ ಪರಸ್ಪರ ಬಿಟ್ಟಾಗ ಕೆಲವು ವರದಿಗಳಲ್ಲಿ ಒಂದು ಕಡೆಯವರು 'ಮಕ್ಕಳು', ಇನ್ನೊಂದು ಕಡೆಯವರು 'ಅಪ್ರಾಪ್ತ ವಯಸ್ಕರು'. ಅದೇ ವರ್ಷದ ಅಕ್ಟೋಬರ್ 7ರಂದು ಕೊಲೆಯಾದ, ಅಪಹೃತರಾದ ಇಸ್ರೇಲಿನ ಮಕ್ಕಳನ್ನು ಪತ್ರಿಕೆಗಳು ಹೆಸರು ಹಿಡಿದು, ಅವರ ಆಟಪಾಠಗಳ ಸಮೇತ ನಮಗೆ ತಿಳಿಸಿದುವು. ಅದು ತಪ್ಪೆಂದು ನಾನು ಹೇಳುವುದಿಲ್ಲ, ಹಾಗೆಯೇ ಬರೆಯತಕ್ಕದ್ದು. ಗಾಜಾದ ಮಕ್ಕಳಿಗೆ ಸಿಕ್ಕಿದ್ದು ಹೆಚ್ಚಾಗಿ ಅಂಕಿ. ಹೆಸರುಗಳು ಇರಲಿಲ್ಲವೆಂದಲ್ಲ: 2024ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಆರೋಗ್ಯ ಇಲಾಖೆ ಮೃತರ ಪಟ್ಟಿಯನ್ನು ವಯಸ್ಸಿನ ಕ್ರಮದಲ್ಲಿ ಪ್ರಕಟಿಸಿತು, ಅದರ ಮೊದಲ ಹಲವು ಪುಟಗಳು ಒಂದು ವರ್ಷ ತುಂಬದ ಕೂಸುಗಳ ಹೆಸರುಗಳೇ ಆಗಿದ್ದುವು.

ಹಾಗಾದರೆ ಬೇರೆ ರೀತಿ ಸಾಧ್ಯವೇ? ಸಾಧ್ಯವೆಂಬುದಕ್ಕೆ 2011ರ 'ಫೈವ್ ಬ್ರೋಕನ್ ಕ್ಯಾಮೆರಾಸ್' ಎಂಬ ಚಲಚ್ಚಿತ್ರವನ್ನು ತೋರಿಸಬಹುದು. ಬಿಲ್‌ಇನ್ ಗ್ರಾಮದ ಇಮಾದ್ ಬುರ್ನಾತ್ 2005ರಲ್ಲಿ ನಾಲ್ಕನೆಯ ಮಗ ಹುಟ್ಟಿದಾಗ ಅವನ ಚಿತ್ರ ತೆಗೆಯಲೆಂದು ಕ್ಯಾಮೆರಾ ಕೊಂಡ ರೈತ. ಅದೇ ಕಾಲಕ್ಕೆ ಊರಿನ ಹೊಲಗಳ ನಡುವೆ ಇಸ್ರೇಲಿನ ತಡೆಬೇಲಿ ಬಂದಿತು. ಒಂದೊಂದಾಗಿ ಐದು ಕ್ಯಾಮೆರಾಗಳು ಮುರಿದುವು, ಮಗು ಬೆಳೆಯಿತು. 'ಗೋಡೆ', 'ತೋಟಾ' ಎಂಬ ಮಾತುಗಳು ಅದರ ತೊದಲ್ನುಡಿಯಲ್ಲಿ ಸೇರಿಕೊಳ್ಳುತ್ತವೆ. ಇಸ್ರೇಲಿನವರಾದ ಗೈ ದವೀದಿಯವರೊಡಗೂಡಿ ಬುರ್ನಾತರು ಜೋಡಿಸಿದ ಈ ಚಿತ್ರದಲ್ಲಿ ಕುಶಲತೆಗಿಂತ ತಾಳ್ಮೆ ಹೆಚ್ಚು. ಅಲ್ಲಲ್ಲಿ ನಿರೂಪಣೆಯ ಮಾತು ಭಾರವಾಯಿತೆಂದೂ ತೋರುತ್ತದೆ. ಆದರೆ ಐದು ವರ್ಷ ಒಂದು ಮಗುವಿನ ಜೊತೆಗಿದ್ದವನಿಗೆ ಮಾತ್ರ ಸಿಕ್ಕುವ ವಸ್ತು ಅಲ್ಲಿದೆ: ಮಗು ನಗುತ್ತದೆ, ಹಟ ಮಾಡುತ್ತದೆ, ಬೇಸರಪಡುತ್ತದೆ. ವರದಿಗಾರನ ಒಂದು ನಿಮಿಷಕ್ಕೆ ಇದು ಹೇಗೆ ದೊರೆಯಬೇಕು?

ಇನ್ನೊಂದು ಉತ್ತರ ವ್ಯಂಗ್ಯಚಿತ್ರಕಾರ ನಾಜಿ ಅಲ್-ಅಲೀಯವರದು. 1948ರಲ್ಲಿ ಊರು ಬಿಟ್ಟು ಲೆಬನಾನಿನ ಐನ್ ಅಲ್-ಹಿಲ್ವೆ ಶಿಬಿರದಲ್ಲಿ ಬೆಳೆದ ಅವರು, 1969ರಲ್ಲಿ ಕುವೈತಿನ ಪತ್ರಿಕೆಯೊಂದರಲ್ಲಿ ಹಂದಲಾ ಎಂಬ ಹತ್ತು ವರ್ಷದ ಹುಡುಗನನ್ನು ಬರೆದರು. ಬರಿಗಾಲು, ತೇಪೆಯ ಬಟ್ಟೆ. ತಾವು ಊರು ಬಿಟ್ಟ ವಯಸ್ಸು ಅದೇ. ಹಿಂದಿರುಗುವವರೆಗೂ ಅವನು ಬೆಳೆಯುವುದಿಲ್ಲವೆಂದರು. 1973ರ ತರುವಾಯ ಹಂದಲಾ ನಮಗೆ ಬೆನ್ನು ತಿರುಗಿಸಿ, ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ನಿಂತನು. ಕರುಣೆ ಬೇಡುವ ಮುಖವನ್ನು ಅವನು ಯಾರಿಗೂ ಕೊಡಲಿಲ್ಲ. ಚಿತ್ರದೊಳಗೆ ನಡೆಯುವುದನ್ನು ತಾನು ನೋಡುತ್ತಾನೆ, ನೋಡುವವರು ಅವನ ಹೆಗಲ ಮೇಲಿಂದ ನೋಡಬೇಕು. 1987ರ ಜುಲೈಯಲ್ಲಿ ಲಂಡನ್ನಿನ ಬೀದಿಯಲ್ಲಿ ನಾಜಿಯವರಿಗೆ ಗುಂಡೇಟು ಬಿದ್ದಿತು. ಆಗಸ್ಟ್ 29ರಂದು ತೀರಿಕೊಂಡರು. ಹಂದಲಾನ ಮುಖ ಯಾವಾಗ ಕಾಣುವುದೆಂದು ಕೇಳಿದವರಿಗೆ, ಅರಬರ ಮಾನ ಮರಳಿ ಬಂದ ದಿನ ಎಂಬ ಅರ್ಥದ ಉತ್ತರವನ್ನು ಅವರು ಕೊಡುತ್ತಿದ್ದರು. ಹುಡುಗನಿಗೆ ಇನ್ನೂ ಹತ್ತು ವರ್ಷ.