ಹದಿನಾಲ್ಕಾಣೆಯ ಲೆಕ್ಕ

ನಮ್ಮ ವಿಮರ್ಶಕರು ಬಜೆಟ್ ಪುಸ್ತಕವನ್ನು ಯಾಕೆ ಓದುವುದಿಲ್ಲ? ಕವಿತೆಯ ಒಂದು ಶಬ್ದ ಹಿಡಿದು ಹತ್ತು ಪುಟ ಬರೆಯುವವರು, ಸರ್ಕಾರ ಬಳಸುವ ಒಂದು ಶಬ್ದ ಯಾರ ಹೊಟ್ಟೆಯ ಮೇಲೆ ಹೊಡೆಯುತ್ತದೆ ಅಂತ ಒಂದು ಸಾಲನ್ನೂ ಬರೆಯುವುದಿಲ್ಲ. ಬರೆಯದಿದ್ದರೆ ಬೇಡ, ಬಿಡಿ. ನಾವೇ ಓದೋಣ.

ಮೊದಲ ಶಬ್ದ 'ಅನುದಾನ'. ವಿಶ್ವವಿದ್ಯಾಲಯದ ಕಟ್ಟಡಕ್ಕೆ, ಪ್ರಯೋಗಾಲಯಕ್ಕೆ, ಪುಸ್ತಕಕ್ಕೆ ಸರ್ಕಾರ ಕೊಡುವ ದುಡ್ಡಿನ ಹೆಸರು ಇದು. ಇದರೊಳಗೆ ಕೂತಿರುವ 'ದಾನ'ವೇ ಸುಳ್ಳು. ಬೆಂಕಿಪೊಟ್ಟಣ ಕೊಂಡಾಗಲೂ ತೆರಿಗೆ ಕಟ್ಟುವ ಕೂಲಿಕಾರನ ದುಡ್ಡು ಅವನ ಮಗಳ ಕಾಲೇಜಿಗೆ ಬಂದರೆ ಅದು ದಾನ ಹೇಗಾದೀತು?

ಎರಡನೆಯ ಶಬ್ದ 'ಸಾಲ'. 2016ರಲ್ಲಿ ಕೇಂದ್ರ ಸಚಿವ ಸಂಪುಟ ಕೆನರಾ ಬ್ಯಾಂಕಿನ ಜೊತೆ ಸೇರಿ 'ಹೇಫಾ' ಎಂಬ ಉನ್ನತ ಶಿಕ್ಷಣ ಹಣಕಾಸು ಸಂಸ್ಥೆಗೆ ಒಪ್ಪಿಗೆ ಕೊಟ್ಟಿತು. ಕೇಂದ್ರದ ವಿದ್ಯಾಸಂಸ್ಥೆಗಳು ಕಟ್ಟಡ, ಪ್ರಯೋಗಾಲಯಗಳಿಗೆ ಇನ್ನು ಇಲ್ಲಿ ಸಾಲ ಎತ್ತಬೇಕು. 2022ರೊಳಗೆ 1 ಲಕ್ಷ ಕೋಟಿ ರೂಪಾಯಿ ಎತ್ತುವ ಗುರಿಯನ್ನು 2018ರಲ್ಲಿ ಇಟ್ಟರು. ಬಡ್ಡಿ ಸರ್ಕಾರದ್ದು, ನಿಜ. 2014ರ ನಂತರದ ಹೊಸ ಸಂಸ್ಥೆಗಳ ಅಸಲೂ ಸರ್ಕಾರದ್ದೇ. ಆದರೆ ಹತ್ತು ವರ್ಷ ದಾಟಿದ ತಾಂತ್ರಿಕ ಸಂಸ್ಥೆಗಳು ಅಸಲು ಪೂರ್ತಿ ತೀರಿಸಬೇಕು. 2014ಕ್ಕಿಂತ ಹಿಂದಿನ ಕೇಂದ್ರೀಯ ವಿಶ್ವವಿದ್ಯಾಲಯಗಳು ಅಸಲಿನ ಶೇ. 10ರಷ್ಟು ತೀರಿಸಬೇಕು. ಹತ್ತೇ ತಾನೇ ಅನ್ನಬೇಡಿ. ಬಾಗಿಲಲ್ಲಿ ಮೊದಲು ತೂರುವುದು ಬೆರಳು.

ತೀರಿಸುವುದು ಯಾತರಿಂದ? ಇಲ್ಲಿ ಮೂರನೆಯ ಶಬ್ದ ಬರುತ್ತದೆ: 'ಆಂತರಿಕ ಸಂಪನ್ಮೂಲ'. ಬಿಡಿಸಿ ಹೇಳಿದರೆ ಶುಲ್ಕ, ಸಂಶೋಧನೆಯ ಗಳಿಕೆ ಇತ್ಯಾದಿ. ಸಂಶೋಧನೆಯಿಂದ ಗಳಿಸಲಾಗದ ಕಡೆ ಕೈ ಹೋಗುವುದು ವಿದ್ಯಾರ್ಥಿಯ ಜೇಬಿಗೆ. ಪರಿಶಿಷ್ಟರಿಗೆ ಶುಲ್ಕದ ರಿಯಾಯಿತಿ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಅಲ್ಲೇ ಇರುವುದು ಹುನ್ನಾರ. ಶುಲ್ಕದಿಂದ ಸಾಲ ತೀರಿಸುವ ಮನೆಯಲ್ಲಿ, ಶುಲ್ಕ ಕಟ್ಟದ ಹುಡುಗ ನಷ್ಟದ ಬಾಬ್ತು. ನಿನ್ನೆವರೆಗೆ ಅವನ ಜಾತಿ ನೋಡಿ ಮುಖ ಸಿಂಡರಿಸಿದವರಿಗೆ ನಾಳೆ ಲೆಕ್ಕದ ಪುಸ್ತಕವೂ ಸಾಕ್ಷಿ ಹೇಳುತ್ತದೆ.

ಇದು ಕೇಂದ್ರದ ಕತೆ. ರಾಜ್ಯದ ಕತೆ ಇನ್ನೂ ಸಣ್ಣ ಅಂಕಿಯದು. 2022-23ರ ಬಜೆಟ್ಟಿನಲ್ಲಿ ಬೀದರ್, ಹಾವೇರಿ, ಕೊಪ್ಪಳ, ಬಾಗಲಕೋಟೆ, ಹಾಸನ, ಕೊಡಗು, ಚಾಮರಾಜನಗರಗಳಿಗೆ ಹೊಸ ವಿಶ್ವವಿದ್ಯಾಲಯ ಘೋಷಿಸಿದರು. ತಲಾ 2 ಕೋಟಿ ರೂಪಾಯಿ. ಹೊಸ ಜಮೀನು ಬೇಡ, ಹೊಸ ಕಟ್ಟಡ ಬೇಡ ಅಂದರು. 2025ರ ಫೆಬ್ರುವರಿಯಲ್ಲಿ ಇನ್ನೊಂದು ಸರ್ಕಾರದ ಸಂಪುಟ ಉಪಸಮಿತಿ, ಬೀದರ್ ಒಂದನ್ನು ಬಿಟ್ಟು ಈ ಆರನ್ನೂ ಸೇರಿಸಿ ಒಂಬತ್ತು ವಿಶ್ವವಿದ್ಯಾಲಯ ಮುಚ್ಚಬಹುದು ಅಂದಿತು. ಒಬ್ಬರು ಅನ್ನ ಹಾಕದೆ ಹೆತ್ತರು, ಇನ್ನೊಬ್ಬರು ಬಡಕಲಾಗಿದೆ ಅಂತ ಹೂಳಲು ಹೊರಟರು. ಇದೇ ಕರ್ನಾಟಕದ ಬೆಂಗಳೂರಿನಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಗೆ 2018ರಲ್ಲಿ 'ಶ್ರೇಷ್ಠ ಸಂಸ್ಥೆ' ಪಟ್ಟದ ಜೊತೆ ಐದು ವರ್ಷಕ್ಕೆ 1000 ಕೋಟಿವರೆಗಿನ ಭರವಸೆ ಸಿಕ್ಕಿತು. ಅದರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಅದು ಕೇಂದ್ರದ ದುಡ್ಡು, ಇದು ರಾಜ್ಯದ್ದು ಅನ್ನುವ ಲೆಕ್ಕವೂ ಗೊತ್ತು. ತೆರಿಗೆ ಕಟ್ಟಿದ ಜನ ಮಾತ್ರ ಒಬ್ಬರೇ.

ಪ್ರಯೋಗಾಲಯ ಅಂದರೆ ನಮಗೆ ಬರೀ ಗಾಜಿನ ಸಾಮಾನಲ್ಲ. ಈ ದೇಶ ಕೈಯಿಂದ ದುಡಿದವನಿಗೆ ಓದು ಕೊಡಲಿಲ್ಲ. ಓದಿದವನು ಕೈ ಮಣ್ಣು ಮಾಡಿಕೊಳ್ಳಲಿಲ್ಲ. ಕೈಯೂ ತಲೆಯೂ ಒಂದೇ ಬೆಂಚಿನ ಮುಂದೆ ನಿಲ್ಲುವ ಜಾಗ ಪ್ರಯೋಗಾಲಯ. ಉಪಕರಣ ಕಿತ್ತುಕೊಂಡರೆ ಉಳಿಯುವುದು ಬಾಯಿಪಾಠ. ಬಾಯಿಪಾಠ ಯಾರ ಪಾಠಶಾಲೆಯ ವಿದ್ಯೆ ಅನ್ನುವುದನ್ನು ನಮ್ಮ ಜನಕ್ಕೆ ಹೇಳಿಕೊಡಬೇಕಾಗಿಲ್ಲ. ದುಡ್ಡಿದ್ದವನು ಖಾಸಗಿ ಕಾಲೇಜಿನಲ್ಲಿ ಸೂಕ್ಷ್ಮದರ್ಶಕ ನೋಡಿಕೊಳ್ಳುತ್ತಾನೆ. ಸರ್ಕಾರಿ ಬೀರುವಿನ ಬೀಗ ತೆರೆಯದಿದ್ದರೆ ನಮ್ಮ ಹುಡುಗಿ ಪುಸ್ತಕದ ಚಿತ್ರ ನೋಡಿಯೇ ಪದವೀಧರೆಯಾಗುತ್ತಾಳೆ.

ಬಾಬಾಸಾಹೇಬರು 1927ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಎದ್ದು ನಿಂತು ಇದೇ ಲೆಕ್ಕ ಕೇಳಿದ್ದರು. ಅಬಕಾರಿಯಿಂದ ತಲೆಗೆ 2 ರೂಪಾಯಿ 2 ಆಣೆ 9 ಪೈ ವಸೂಲು ಮಾಡುತ್ತೀರಿ, ವಿದ್ಯೆಗೆ ತಲೆಗೆ 14 ಆಣೆ ಖರ್ಚು ಮಾಡುತ್ತೀರಿ. ಜನರಿಂದ ಅಬಕಾರಿಯಲ್ಲಿ ಎಷ್ಟು ಕಿತ್ತುಕೊಳ್ಳುತ್ತೀರೋ ಅಷ್ಟನ್ನಾದರೂ ಅವರ ವಿದ್ಯೆಗೆ ಹಾಕಿ ಎಂಬುದು ಅವರ ವಾದ. ಅವರು ಕೈ ಚಾಚಿ ಬೇಡಲಿಲ್ಲ, ಲೆಕ್ಕ ಕೇಳಿದರು.

ಗೆಳೆಯರೇ, ನಾವೂ ಲೆಕ್ಕ ಕೇಳೋಣ. ಮಾಹಿತಿ ಹಕ್ಕು ಕಾಯ್ದೆ 2005ರಿಂದ ಕೈಯಲ್ಲಿದೆ, ಅರ್ಜಿಗೆ 10 ರೂಪಾಯಿ. ನಿಮ್ಮ ಜಿಲ್ಲೆಯ ಸರ್ಕಾರಿ ಕಾಲೇಜಿನ, ವಿಶ್ವವಿದ್ಯಾಲಯದ ಸ್ಟಾಕ್ ರಿಜಿಸ್ಟರಿನ ಪ್ರತಿ ಕೇಳಿ. ಏನು ಕೊಂಡರು? ಯಾವುದು ಕೆಟ್ಟು ಕೂತಿದೆ? ರಿಪೇರಿಗೆ ಎಷ್ಟು ಇಟ್ಟರು? ಬಂದ ಉತ್ತರವನ್ನು ಹಾಸ್ಟೆಲ್ಲಿನ ಗೋಡೆಗೆ ಅಂಟಿಸಿ, ಊರಿನ ಸಭೆಯಲ್ಲಿ ಓದಿ. ಕವಿತೆಯನ್ನು ಬೀದಿಗೆ ತಂದವರು ನಾವು. ಸ್ಟಾಕ್ ರಿಜಿಸ್ಟರನ್ನು ತರಲಾರೆವೇ?